ಬಳ್ಳಾರಿಯಲ್ಲಿ ರಾತ್ರಿ ತಂಗಿದ್ದ ಏರ್ ಇಂಡಿಯಾ

ಏರ್ ಇಂಡಿಯಾ ಅಂದ್ರೆ ನಮಗೆ ನೆನಪಾಗೋದು ಮುಂಬೈ, ಲಂಡನ್, ಮೀಸೆಯ ಮಹಾರಾಜ. ಆದರೆ ಅದರ ಮೊಟ್ಟಮೊದಲ ಹಾರಾಟದ ದಾರಿಯಲ್ಲಿ ಬಳ್ಳಾರಿಯೂ ಇತ್ತು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈನ ಜುಹುಗೆ ಅಂಚೆ ಚೀಲಗಳನ್ನು ತಂದರು. ಅಲ್ಲಿಂದ ಮುಂದೆ ಹಾರಿಸಿದವರು ನೆವಿಲ್ ವಿನ್ಸೆಂಟ್. ಆಗ ರಾತ್ರಿ ಹಾರುವ ಸೌಕರ್ಯ ಇರಲಿಲ್ಲ. ಹಾಗಾಗಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದರಾಸು ಸೇರಿದರು. ವಿಮಾನ ಡಿ ಹ್ಯಾವಿಲೆಂಡ್ ಪಸ್ ಮಾತ್: ಒಂದೇ ಎಂಜಿನ್, 120 ಅಶ್ವಶಕ್ತಿ, ಬಟ್ಟೆ ಹೊದಿಸಿದ ಮೈ. ಇವತ್ತಿನ ಒಂದು ಕಾರಿಗೂ ಅಷ್ಟು ಶಕ್ತಿ ಇರುತ್ತೆ! ಬಳ್ಳಾರಿಯ ಭಾಗ್ಯ ಹೆಚ್ಚು ದಿನ ಉಳಿಯಲಿಲ್ಲ. ನಂತರ ಆ ನಿಲುಗಡೆ ಹೈದರಾಬಾದ್‌ಗೆ ಹೋಯಿತು.

ಟಾಟಾ ಏರ್‌ಲೈನ್ಸ್ 1946ರಲ್ಲಿ ಏರ್ ಇಂಡಿಯಾ ಆಯಿತು. 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ಕಾನ್ಸ್ಟೆಲೇಷನ್ ವಿಮಾನ ಲಂಡನ್‌ಗೆ ಹೊರಟಿತು. 1953ರಲ್ಲಿ ರಾಷ್ಟ್ರೀಕರಣ. ವಿದೇಶಕ್ಕೆ ಏರ್ ಇಂಡಿಯಾ, ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್ ಎಂದಾಯಿತು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಕೂಡ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನವಾಯಿತು. 1960ರಲ್ಲಿ ಬೋಯಿಂಗ್ 707, 1971ರಲ್ಲಿ ಜಂಬೊ 747 ಬಂದವು.

ಜಂಬೊಗಳಿಗೆ ಚಕ್ರವರ್ತಿಗಳ ಹೆಸರಿಟ್ಟರು. ಮೊದಲನೆಯದು ಅಶೋಕ. 1978ರ ಹೊಸ ವರ್ಷದ ದಿನ ಅದು ಮುಂಬೈ ಕಡಲಿಗೆ ಬಿತ್ತು. ಕನಿಷ್ಕ 1985ರಲ್ಲಿ ಬಾಂಬಿಗೆ ಬಲಿಯಾಯಿತು, 329 ಜನ ಸತ್ತರು. ಇವೆರಡರ ಕಥೆ ಎಲ್ಲರಿಗೂ ಗೊತ್ತು. ಅದೇ ಸಾಲಿನಲ್ಲಿ ನಮ್ಮ ಕೃಷ್ಣದೇವರಾಯನೂ ಇದ್ದ ಅಂತ ಹೊಸಪೇಟೆ, ಹಂಪಿ, ಕಂಪ್ಲಿ ಕಡೆಯ ಎಷ್ಟು ಜನಕ್ಕೆ ಗೊತ್ತು? ನೋಂದಣಿ ಸಂಖ್ಯೆ ವಿಟಿ-ಇಎಫ್‌ಯು. ರಾಯನ ಹೆಸರು ಹೊತ್ತು ಅದು ಖಂಡಾಂತರ ಹಾರಿತು. ರಾಯನ ರಾಜಧಾನಿಯ ಸುತ್ತ ಮಾತ್ರ ಅದು ಇಳಿಯುವಂಥ ರನ್‌ವೇ ಇರಲಿಲ್ಲ.

2007ರಲ್ಲಿ ಎರಡೂ ಸಂಸ್ಥೆ ಒಂದಾದವು, ಸಾಲ ಬೆಳೆಯಿತು. 18,000 ಕೋಟಿ ರೂಪಾಯಿಯ ಬಿಡ್ ಗೆದ್ದ ಟಾಟಾ ಕೈಗೆ 2022ರ ಜನವರಿ 27ರಂದು ಏರ್ ಇಂಡಿಯಾ ಮರಳಿತು. ಅಂಗಸಂಸ್ಥೆ ಅಲಯನ್ಸ್ ಏರ್ ಮಾತ್ರ ಸರ್ಕಾರದ ಬಳಿಯೇ ಉಳಿಯಿತು. ತೋರಣಗಲ್ಲಿನ ವಿದ್ಯಾನಗರಕ್ಕೆ ಹಾರಿದ್ದು ಅದರದೇ ಎಟಿಆರ್. ಮೆಟ್ರಿಯವರಿಗೆ ಹತ್ತಿರದ ನಿಲ್ದಾಣ ಅದು. ಆದರೆ ಜಿಂದಾಲ್‌ಗೆ ಸೇರಿದ ಖಾಸಗಿ ನಿಲ್ದಾಣ. ಬಳ್ಳಾರಿಯ ಸ್ವಂತ ನಿಲ್ದಾಣಕ್ಕೆಂದು ಚಾಗನೂರು, ಸಿರಿವಾರದ ರೈತರ ನೀರಾವರಿ ಜಮೀನು ಪಡೆದು ದಶಕ ದಾಟಿದೆ.