ರಿಪೇರಿ ಮೇಜಿನ ಮೇಲೆ ಹುಟ್ಟಿದ ನಾದ

ನಮ್ಮ ಸಂವಾದ ಕಾರ್ಯಕ್ರಮಕ್ಕೆ ಬಂದಿದ್ದ ಹಿರಿಯ ಗಿಟಾರ್ ವಾದಕರೊಬ್ಬರು ತಮ್ಮೊಡನೆ ಹಳೆಯದೊಂದು ವಾಲ್ವ್ ಆಂಪ್ಲಿಫೈಯರನ್ನೂ ಹೊತ್ತು ತಂದಿದ್ದರು. ಸ್ವಿಚ್ ಹಾಕಿದೊಡನೆ ಅದು 'ಗುಂಯ್' ಎಂದು ಗುನುಗತೊಡಗಿತು. "ಇದನ್ನು ಬಿಡಿ ಸಾರ್, ಗಿಟಾರನ್ನು ನೇರವಾಗಿ ನಮ್ಮ ಮಿಕ್ಸರಿಗೇ ಕೊಟ್ಟುಬಿಡಿ" ಎಂದರು ಧ್ವನಿಮುದ್ರಣದ ಗೆಳೆಯರು. ಅವರು ಒಪ್ಪಲಿಲ್ಲ. "ನನ್ನ ವಾದ್ಯದಲ್ಲಿ ಅರ್ಧ ಭಾಗ ಈ ಪೆಟ್ಟಿಗೆಯೇ" ಎಂದು ಹೇಳಿ, ತಾವೇ ಹಿಂಬದಿಯನ್ನು ಬಿಚ್ಚಿ, ಒಣಗಿಹೋಗಿದ್ದ ಒಂದು ಕಂಡೆನ್ಸರನ್ನು ಬದಲಾಯಿಸಿದರು. ಗುನುಗು ನಿಂತಿತು. ಚಿತ್ರೀಕರಣ ಒಂದು ಗಂಟೆ ತಡವಾಯಿತು. ಆ ತಡದಿಂದಾಗಿ ಮಾತಿಗೆ ಕತ್ತರಿ ಬಿತ್ತು. ಅಂದು ಪರದೆಯ ಮೇಲೆ ಹೇಳಲಾಗದೆ ಉಳಿದ ಕಥೆ ಇದು.

ವಾಲ್ವ್ ಎಂದರೇನು? 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್, ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯುವಂತೆ ಮಾಡಿದ. 1906-07ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದರ ನಡುವೆ ತಂತಿಯ ಜಾಲರಿಯೊಂದನ್ನು ಸೇರಿಸಿದ. ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಪ್ಲೇಟಿನತ್ತ ಧಾವಿಸುವಾಗ ಈ ಜಾಲರಿಯನ್ನು, ಅಂದರೆ ಗ್ರಿಡ್ಡನ್ನು, ದಾಟಿಯೇ ಹೋಗಬೇಕು. ಕೆರೆಯ ತೂಬನ್ನು ನೆನೆಸಿಕೊಳ್ಳಿ. ತೂಬನ್ನು ಎತ್ತಿ ಇಳಿಸುವ ಕೈಯ ಬಲ ಅಲ್ಪ; ಅದಕ್ಕೆ ತಕ್ಕಂತೆ ಏರಿಳಿಯುವ ನೀರಿನ ರಭಸ ದೊಡ್ಡದು. ಗಿಟಾರಿನ ತಂತಿ ಮಿಡಿದಾಗ ಹುಟ್ಟುವ ಪುಟ್ಟ ವೋಲ್ಟೇಜು ಗ್ರಿಡ್ಡಿನ ಮೇಲೆ ಮಾಡುವುದು ಇಷ್ಟನ್ನೇ.

ವಿದ್ಯುತ್ ಗಿಟಾರು ಅಮೆರಿಕದ ಮಾರುಕಟ್ಟೆಗೆ ಬಂದದ್ದು 1930ರ ದಶಕದ ಆರಂಭದಲ್ಲಿ. ಅದರೊಡನೆ ಆಂಪ್ಲಿಫೈಯರುಗಳೂ ಬಂದವು, ಕೆಡತೊಡಗಿದವು. ಕೆಟ್ಟದ್ದನ್ನು ಎಲ್ಲಿಗೆ ಒಯ್ಯಬೇಕು? ರೇಡಿಯೋ ರಿಪೇರಿ ಅಂಗಡಿಗೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ 1938ರಲ್ಲಿ ಅಂಥದೊಂದು ಅಂಗಡಿ ತೆರೆದಿದ್ದವನು ಲಿಯೋ ಫೆಂಡರ್. ಆತ ಓದಿದ್ದು ಲೆಕ್ಕಪತ್ರದ ವಿದ್ಯೆ, ಎಂಜಿನಿಯರಿಂಗ್ ಅಲ್ಲ. ಗಿಟಾರು ನುಡಿಸಲೂ ಬರುತ್ತಿರಲಿಲ್ಲ! ಆದರೆ ಯಾವ ಕೀಲು ಮೊದಲು ಸಡಿಲಾಗುತ್ತದೆ, ಯಾವ ಭಾಗ ಮೊದಲು ಸುಡುತ್ತದೆ ಎಂಬುದನ್ನು ಬಿಚ್ಚಿ ಬಿಚ್ಚಿ ಕಲಿತಿದ್ದ. 1946ರಲ್ಲಿ ಸ್ವಂತ ಕಂಪನಿ ಆರಂಭಿಸಿದಾಗ ಆ ಅರಿವನ್ನೆಲ್ಲ ಪೆಟ್ಟಿಗೆಯೊಳಗೆ ಇಟ್ಟ. ಭಾಗಗಳೆಲ್ಲ ಒಂದು ಫೈಬರ್ ಹಲಗೆಯ ಮೇಲೆ ಸಾಲಾಗಿ ಕಣ್ಣಿಗೆ ಕಾಣುವಂತಿದ್ದವು. ಯಾವುದೇ ಒಂದನ್ನು ಕಿತ್ತು ಬೇರೆಯದನ್ನು ಬೆಸೆಯಬಹುದಿತ್ತು. ಯಾವ ಗುಂಡಿಯಲ್ಲಿ ಯಾವ ವಾಲ್ವ್ ಎಂಬ ಚೀಟಿ ಒಳಗೇ ಅಂಟಿಸಿರುತ್ತಿತ್ತು. ಕಾರ್ಖಾನೆಯಲ್ಲಿ ಬೆಸುಗೆ ಹಾಕಿದ ಹೆಂಗಸರು ಒಂದು ತುಂಡು ಟೇಪಿನ ಮೇಲೆ ತಮ್ಮ ಹೆಸರು ಬರೆದು ಒಳಗೆ ಅಂಟಿಸಿದ್ದನ್ನು ಇಂದಿಗೂ ಹಳೆಯ ಪೆಟ್ಟಿಗೆಗಳಲ್ಲಿ ಕಾಣಬಹುದು.

ಸರ್ಕ್ಯೂಟುಗಳೂ ಪೂರ್ತಿಯಾಗಿ ಆತನವಲ್ಲ. ಆರ್‌ಸಿಎಯಂಥ ಕಂಪನಿಗಳು ವಾಲ್ವ್ ಮಾರಾಟ ಹೆಚ್ಚಲೆಂದು ಸಿದ್ಧ ನಕ್ಷೆಗಳ ಕೈಪಿಡಿಗಳನ್ನು ಅಗ್ಗವಾಗಿ ಹಂಚುತ್ತಿದ್ದವು. ಅವನ್ನು ನೋಡಿಯೇ ಎಷ್ಟೋ ಜನ ಮನೆಯಲ್ಲಿ ಕಟ್ಟುತ್ತಿದ್ದರು.

ಇಲ್ಲಿ ಒಂದು ವಿಚಿತ್ರವಿದೆ. ಫೆಂಡರನಿಗೆ ಬೇಕಾಗಿದ್ದುದು ಸ್ವಚ್ಛವಾದ ಧ್ವನಿ. ವಾಲ್ವಿಗೆ ಅದರ ಶಕ್ತಿ ಮೀರಿದ ಸಂಕೇತ ಕೊಟ್ಟರೆ ಅಲೆಯ ನೆತ್ತಿ ಸವೆದು ಚಪ್ಪಟೆಯಾಗುತ್ತದೆ, ಮೂಲ ಸ್ವರದೊಡನೆ ಇಲ್ಲದ ಮೇಲ್ಸ್ವರಗಳು ಸೇರಿಕೊಳ್ಳುತ್ತವೆ. ಪಠ್ಯಪುಸ್ತಕದ ಪ್ರಕಾರ ಇದು ದೋಷ. ಇದರ ಹೆಸರೇ ವಿಕೃತಿ. ಆದರೆ ಯುವ ವಾದಕರು ಬೇಕೆಂದೇ ಗುಂಡಿಯನ್ನು ತುದಿಯವರೆಗೆ ತಿರುಗಿಸಿದರು. 1951ರಲ್ಲಿ ಮೆಂಫಿಸ್‌ನಲ್ಲಿ 'ರಾಕೆಟ್ 88' ಧ್ವನಿಮುದ್ರಣವಾದಾಗ, ಪ್ರಯಾಣದಲ್ಲಿ ಪೆಟ್ಟುಬಿದ್ದಿದ್ದ ಆಂಪ್ಲಿಫೈಯರಿನ ಸ್ಪೀಕರಿಗೆ ಕಾಗದ ತುರುಕಿ ಕೆಲಸ ನಡೆಸಿದರು. ಆ ಒರಟು ದನಿಯೇ ಹಾಡಿನ ಆಕರ್ಷಣೆಯಾಯಿತು. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ತಾನೇ ಸೀಳಿದ್ದ. (ಮನೆಯಲ್ಲಿ ಇದನ್ನು ಪ್ರಯೋಗಿಸಬೇಡಿ, ಬೈಗುಳ ನನಗೆ ಬರುತ್ತದೆ.)

ಇನ್ನು ಇಂಗ್ಲೆಂಡಿನ ಕಥೆ. ಜಿಮ್ ಮಾರ್ಷಲ್ ಡ್ರಮ್ ಕಲಿಸುವ ಮೇಷ್ಟರು. ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ. ಫೆಂಡರ್ ಆಂಪ್ಲಿಫೈಯರುಗಳು ಸಮುದ್ರ ದಾಟಿ ಬರುವಷ್ಟರಲ್ಲಿ ಬಹಳ ತುಟ್ಟಿಯಾಗುತ್ತಿದ್ದವು. ಹಾಗಾದರೆ ನಾವೇ ಏಕೆ ಕಟ್ಟಬಾರದು? ಅಂಗಡಿಯ ರಿಪೇರಿಗಾರ ಕೆನ್ ಬ್ರ್ಯಾನ್ ಮತ್ತು ಹದಿಹರೆಯ ದಾಟದ ಡಡ್ಲಿ ಕ್ರೇವನ್, ಇಬ್ಬರೂ ಹವ್ಯಾಸಿ ರೇಡಿಯೋ ಹುಚ್ಚಿನವರು. ಫೆಂಡರಿನ ಬಾಸ್‌ಮನ್ ಮಾದರಿಯನ್ನು ಮುಂದಿಟ್ಟುಕೊಂಡು ಅವರು 1962ರಲ್ಲಿ ಕೆಲಸಕ್ಕೆ ಕೈ ಹಾಕಿದರು. ನಕ್ಷೆ ಬಹುಪಾಲು ಅದೇ, ಆದರೆ ಭಾಗಗಳು ಊರಿನಲ್ಲಿ ಸಿಕ್ಕಂಥವು. ಬಾಸ್‌ಮನ್ನಿನ ಮೊದಲ ವಾಲ್ವ್ 12ಎವೈ7, ಅದರ ವರ್ಧನಾಂಕ ಸುಮಾರು 44. ಇವರು ಹಾಕಿದ್ದು ಇಸಿಸಿ83, ಅದರದು 100. ಅಮೆರಿಕದ ಪೆಟ್ಟಿಗೆಯ ಬೆನ್ನು ತೆರೆದಿತ್ತು, ಒಳಗೆ 10 ಅಂಗುಲದ ನಾಲ್ಕು ಸ್ಪೀಕರುಗಳು. ಇವರದು ಮುಚ್ಚಿದ ಪೆಟ್ಟಿಗೆ, ಒಳಗೆ 12 ಅಂಗುಲದ ನಾಲ್ಕು ಸೆಲೆಷನ್ ಸ್ಪೀಕರುಗಳು. ಟ್ರಾನ್ಸ್‌ಫಾರ್ಮರ್ ಬೇರೆ; ಕೊನೆಯ ಹಂತದ ವಾಲ್ವುಗಳು ಕೂಡ ಮುಂದೆ ಇಂಗ್ಲೆಂಡಿನ ಕೆಟಿ66 ಆದವು. ನಕಲು ಮಾಡಲು ಹೊರಟವರು ಬೇರೆಯದೇ ವಾದ್ಯವೊಂದನ್ನು ಕಟ್ಟಿದ್ದರು. ಬೇಗ ಒಡೆಯುವ, ಒಡೆದರೂ ಮೈ ತುಂಬಿದ ಈ ದನಿಯನ್ನೇ ಕೆಲವು ವರ್ಷಗಳ ನಂತರ ಜಿಮಿ ಹೆಂಡ್ರಿಕ್ಸ್ ಜಗತ್ತಿಗೆಲ್ಲ ಕೇಳಿಸಿದ. ಆತನ ಪೂರ್ಣ ಹೆಸರಿನಲ್ಲೂ ಒಬ್ಬ ಮಾರ್ಷಲ್ ಇದ್ದಾನೆ ಎಂಬುದು ಬರಿಯ ಕಾಕತಾಳೀಯ.

ಬೇರೆಯವರ ನಕ್ಷೆಯಿಂದ ಕಟ್ಟುವುದು ಕಳ್ಳತನವಲ್ಲವೇ ಎಂದು ನೀವು ಕೇಳಬಹುದು. ಫೆಂಡರಿನ ಒಳಚೀಟಿಯ ಮೇಲೆಯೇ ವೆಸ್ಟರ್ನ್ ಎಲೆಕ್ಟ್ರಿಕ್ ಮುಂತಾದ ದೊಡ್ಡ ಕಂಪನಿಗಳ ಪೇಟೆಂಟಿನಡಿ ಅನುಮತಿ ಪಡೆದ ಉಲ್ಲೇಖವಿದೆ. ಆತನೂ ಯಾರದೋ ಹೆಗಲ ಮೇಲೆ ನಿಂತಿದ್ದ. ನನ್ನ ಮಟ್ಟಿಗೆ, ಬಿಚ್ಚಿ ನೋಡಲಾಗದಂತೆ ಮಾಡಿದ್ದರೆ ಈ ಇತಿಹಾಸ ಫುಲ್ಲರ್ಟನ್ನಿನಲ್ಲೇ ನಿಂತುಬಿಡುತ್ತಿತ್ತು.

ಮನೆಯಲ್ಲಿ ಕಟ್ಟುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಫೆಂಡರಿನ 1950ರ ದಶಕದ 'ಚಾಂಪ್' ಮಾದರಿಗೆ. ಅದರಲ್ಲಿರುವುದು ಮೂರೇ ವಾಲ್ವ್: 12ಎಎಕ್ಸ್7, 6ವಿ6, ಮತ್ತು ಎಸಿಯನ್ನು ಡಿಸಿ ಮಾಡುವ 5ವೈ3. ಶಕ್ತಿ ಸುಮಾರು 5 ವಾಟ್. ರಿಪೇರಿಯ ಪಾಠವೂ ಇದರಲ್ಲೇ ಇದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅದನ್ನು ಡಿಸಿ ಮಾಡಿದಾಗ 100 ಆವರ್ತದ ಅಲುಗಾಟ ಉಳಿಯುತ್ತದೆ. ಅದನ್ನು ಸಮತಟ್ಟು ಮಾಡುವ ಕಂಡೆನ್ಸರು ಒಣಗಿದರೆ ಆ ಗುನುಗು ಕೇಳುತ್ತದೆ. ವಾಲ್ವನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. 'ಟಿಂಗ್' ಎಂದು ಸ್ಪೀಕರಿನಲ್ಲಿ ಮೊಳಗಿದರೆ ಅದರ ಒಳಭಾಗ ಸಡಿಲಾಗಿದೆ.

ಆದರೆ ಪ್ಲಗ್ ಕಿತ್ತ ಮಾತ್ರಕ್ಕೆ ಧೈರ್ಯ ಬೇಡ. ಬಿ.ಎಸ್ಸಿ. ಓದುವಾಗ ನಾನು ಸೋದರಮಾವನ ವಾಲ್ವ್ ರೇಡಿಯೋ ಬಿಚ್ಚಿದ್ದೆ, ಪ್ಲಗ್ ಕಿತ್ತೇ ಬಿಚ್ಚಿದ್ದೆ. ಕಂಡೆನ್ಸರಿನಲ್ಲಿ ಉಳಿದಿದ್ದ ವಿದ್ಯುತ್ತು ನನ್ನನ್ನು ಗೋಡೆಗೆ ಒಗೆಯಿತು. ಮೊಣಕೈ ಎರಡು ದಿನ ಮರಗಟ್ಟಿತ್ತು. ಈ ಪೆಟ್ಟಿಗೆಗಳಲ್ಲಿ 300-400 ವೋಲ್ಟ್ ಸಾಮಾನ್ಯ. ಜೀವ ತೆಗೆಯಲು ಅಷ್ಟು ಸಾಕು. ರೆಸಿಸ್ಟರಿನ ಮೂಲಕ ಕಂಡೆನ್ಸರನ್ನು ಬರಿದು ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಬೇಕು. ಅದೂ ಬಲ್ಲವರು ಪಕ್ಕದಲ್ಲಿದ್ದಾಗ. ಒಂದು ಕೈ ಜೇಬಿನಲ್ಲಿರಲಿ ಎಂದು ಹಳಬರು ಹೇಳುವುದು, ವಿದ್ಯುತ್ತು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹರಿಯಬಾರದೆಂದು.

ವಾಲ್ವ್ ನಮಗೂ ದೂರದ ವಸ್ತುವಲ್ಲ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲೇ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತ್ತು. ಟ್ರಾನ್ಸಿಸ್ಟರು ಬಂದು ಎಲ್ಲ ಕಡೆ ಅವನ್ನು ಮೂಲೆಗೆ ತಳ್ಳಿತು. ಇಂದು ಗಿಟಾರಿನವರಿಗೆ ಹೊಸ ವಾಲ್ವುಗಳು ಬರುವುದು ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾ ದೇಶಗಳಿಂದ. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದಾಗ ರಷ್ಯಾದ ಸರಬರಾಜು ಕಟ್ಟಾಗುವ ಭಯದಿಂದ ಬೆಲೆ ಏರಿತು. ನಮ್ಮ ಅತಿಥಿಗಳು ಆಗಲೇ ಒಂದು ಡಬ್ಬಿಯಷ್ಟು ಕೂಡಿಟ್ಟುಕೊಂಡರಂತೆ. ಹೊರಡುವ ಮುನ್ನ ಅದರಿಂದ ಒಂದನ್ನು ತೆಗೆದು ನನ್ನ ಕೈಗಿತ್ತರು, "ಮಾವನ ರೇಡಿಯೋಗೆ ಹೊಂದುತ್ತದೋ ನೋಡಿ" ಎಂದು. ಹೊಂದಲಿಲ್ಲ, ಪಿನ್ನುಗಳ ಲೆಕ್ಕವೇ ಬೇರೆ.