ಕಾಲೇಜು ವಿದ್ಯಾರ್ಥಿಗಳಿಗೆ ಗುಂಪು ಆಪ್ತಸಮಾಲೋಚನೆ: ಉಪಶಮನಕಾರಿ ಅಂಶಗಳು

ಗುಂಪು ಆಪ್ತಸಮಾಲೋಚನೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರ ಸಮ್ಮುಖದಲ್ಲಿ ಸಾಮಾನ್ಯವಾಗಿ ಐದರಿಂದ ಹತ್ತು ವಿದ್ಯಾರ್ಥಿಗಳು ನಿಗದಿತ ದಿನಗಳಂದು ಸೇರಿ ತಮ್ಮ ತೊಂದರೆಗಳನ್ನು ಹಂಚಿಕೊಳ್ಳುತ್ತಾರೆ. ಅಮೆರಿಕದ ಮನೋವೈದ್ಯ ಅರ್ವಿನ್ ಯಾಲೋಮ್ ಅವರು, 1970ರಲ್ಲಿ ಮೊದಲು ಪ್ರಕಟವಾಗಿ ತರುವಾಯ ಪರಿಷ್ಕರಣೆಗೊಂಡ ತಮ್ಮ ಗ್ರಂಥದಲ್ಲಿ, ಇಂತಹ ಗುಂಪುಗಳಲ್ಲಿ ಉಪಶಮನ ನೀಡುವ ಹನ್ನೊಂದು ಅಂಶಗಳನ್ನು ಗುರುತಿಸಿದ್ದಾರೆ. ಇವೆಲ್ಲವೂ ಎಲ್ಲಾ ಗುಂಪುಗಳಲ್ಲಿ ಒಂದೇ ಪ್ರಮಾಣದಲ್ಲಿ ಫಲ ನೀಡುವುದಿಲ್ಲ.

ಪರೀಕ್ಷಾ ಭಯ, ನಿದ್ರಾಹೀನತೆ ಮುಂತಾದ ವಿಷಯಗಳ ಕುರಿತ ಮಾಹಿತಿ ಪ್ರಧಾನ ಗುಂಪುಗಳಲ್ಲಿ ತಿಳುವಳಿಕೆ ಮತ್ತು ಭರವಸೆ ಮುಖ್ಯವಾಗಿರುತ್ತವೆ. ಸಭಾಂಗಣದಲ್ಲಿ ಇನ್ನೂರು ಮಂದಿಗೆ ನೀಡುವ ಉಪನ್ಯಾಸವು ಉಪಯುಕ್ತವೇ ಆದರೂ ಅದನ್ನು ಗುಂಪು ಆಪ್ತಸಮಾಲೋಚನೆ ಎಂದು ಪರಿಗಣಿಸಲಾಗದು.

ಬೆಂಬಲ ಗುಂಪಿನ ಸ್ವರೂಪ ಬೇರೆ. ಬೆಂಗಳೂರು ಉತ್ತರದ ನಾಗಸಂದ್ರವು ತುಮಕೂರು ರಸ್ತೆಯಲ್ಲಿದ್ದು, 2015ರ ಮೇ 1ರಿಂದ ಮೆಟ್ರೋ ಸಂಪರ್ಕವನ್ನೂ ಹೊಂದಿದೆ. ಇಂತಹ ಬಡಾವಣೆಯ ಪಿ.ಜಿ.ಯಲ್ಲಿ ತಂಗಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಇಂಗ್ಲಿಷ್ ಪಾಠವನ್ನು ಅನುಸರಿಸಲಾಗದ ವಿದ್ಯಾರ್ಥಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಾನೊಬ್ಬನೇ ದಡ್ಡನೆಂದು ಆತ ನಂಬಿರುತ್ತಾನೆ. ಊರಿಗೆ ಫೋನ್ ಮಾಡಿದಾಗಲೂ ಎಲ್ಲವೂ ಚೆನ್ನಾಗಿದೆ ಎಂದೇ ಹೇಳುತ್ತಾನೆ. ಗುಂಪಿನಲ್ಲಿ ಮತ್ತೊಬ್ಬರು ಅದೇ ಮಾತನ್ನಾಡಿದಾಗ ಆತನ ನಾಚಿಕೆ ಸಡಿಲಗೊಳ್ಳುತ್ತದೆ. ಇದನ್ನು ಸಮಾನಾನುಭವದ ಅರಿವು ಎನ್ನುತ್ತಾರೆ. ಮುಂದೆ ಆತನೇ ಹೊಸಬರೊಬ್ಬರಿಗೆ ಧೈರ್ಯ ಹೇಳುವನು. ನೆರವು ಪಡೆಯುವುದಕ್ಕಿಂತ ನೆರವಾಗುವುದರಿಂದಲೇ ಕೆಲವರ ಆತ್ಮಗೌರವ ಹೆಚ್ಚುತ್ತದೆ.

ಪರಸ್ಪರ ಸಂಬಂಧಗಳನ್ನು ಆಧರಿಸಿದ ಗುಂಪುಗಳಲ್ಲಿ ಒಗ್ಗಟ್ಟು, ಭಾವನೆಗಳ ಹೊರಹಾಕುವಿಕೆ ಮತ್ತು ಇತರರಿಂದ ತನ್ನ ನಡವಳಿಕೆಯನ್ನು ಅರಿಯುವುದು ಪ್ರಧಾನ. ಅತ್ತು ಹಗುರಾಗುವುದಷ್ಟೇ ಸಾಲದು. ಅತ್ತ ನಂತರವೂ ಗುಂಪು ತನ್ನನ್ನು ಒಪ್ಪಿಕೊಂಡಿದೆ ಎಂಬ ಅನುಭವವಾಗಬೇಕು.

ಗೌಪ್ಯತೆ ಇಲ್ಲದಿದ್ದಲ್ಲಿ ಮೇಲಿನ ಯಾವ ಅಂಶವೂ ಫಲಿಸದು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಚಿಕಿತ್ಸೆ ನೀಡುವ ವೃತ್ತಿನಿರತರಿಗೆ ಗೌಪ್ಯತೆಯ ಹೊಣೆ ವಿಧಿಸಿದೆ. ಸಹಪಾಠಿಗಳಿಗೆ ಆ ಹೊಣೆ ತಾನಾಗಿ ಬರುವುದಿಲ್ಲವಾದ್ದರಿಂದ ಮೊದಲ ದಿನವೇ ಸದಸ್ಯರೆಲ್ಲರ ಒಪ್ಪಿಗೆ ಪಡೆಯತಕ್ಕದ್ದು. ಒಂದೇ ತರಗತಿಯವರನ್ನು ಸೇರಿಸದಿರುವುದು ಹಾಗೂ ಆಂತರಿಕ ಅಂಕ ನೀಡುವ ಅಧ್ಯಾಪಕರಿಗೆ ಗುಂಪಿನ ಹೊಣೆ ವಹಿಸದಿರುವುದು ಸೂಕ್ತ.

ಆತ್ಮಹತ್ಯೆಯ ಆಲೋಚನೆಯುಳ್ಳವರನ್ನು ಗುಂಪಿನ ಸರದಿಗಾಗಿ ಕಾಯಿಸಬಾರದು. ಅವರಿಗೆ ತಕ್ಷಣ ವೈಯಕ್ತಿಕ ನೆರವು ಅಗತ್ಯ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು.