ಯಾರ ಕೈ ಮುಟ್ಟಿತು ಅನ್ನೋದು ಬಾಟ್ಲಿಗೆ ಗೊತ್ತಾಗಲ್ಲ



ನಮ್ಮ ಆಯಿ ತನ್ನ ತವರೂರ ಕತಿ ಹೇಳತಿದ್ಲು. ಬಾವಿ ಕಟ್ಟಿ ಕೆಳಗ ಕೊಡ ಇಟ್ಟು ನಿಂದರಬೇಕು, ಮ್ಯಾಲಿನವರು ಯಾರರ ಬಂದು ಎತ್ತರದಿಂದ ಹೊಯ್ದರ ನೀರು. ಅದೇ ಬಾವಿ ಕಟ್ಟಿ ಮ್ಯಾಲ ಎಮ್ಮಿ ಮೈ ತೊಳೀತಿದ್ರಂತ. ಎಮ್ಮಿಯಿಂದ ನೀರು ಕೆಡಲಿಲ್ಲ, ಆಯಿ ಹಗ್ಗ ಮುಟ್ಟಿದ್ರ ಕೆಡತಿತ್ತು. ಹುನ್ನೂರಾಗ ಕುಂತು ಇವತ್ತು ಆ ನೀರಿನ ಲೆಕ್ಕಾನ ಬರೀತಿದೀನಿ.

ಕಾಲರಾ ನೀರಿನಿಂದ ಹಬ್ಬತದ ಅಂತ ಲಂಡನ್ನಿನ ಡಾಕ್ಟರ್ ಜಾನ್ ಸ್ನೋ 1854ರಲ್ಲೇ ತೋರಿಸಿದ್ದ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತಕ್ಕೆ ಬಂದು, ರೋಗಿಗಳ ಕರುಳಿನಲ್ಲಿ ಕಂಡ ಬಾಗಿದ ರೋಗಾಣುವನ್ನೇ ಜನ ಕುಡಿಯುತ್ತಿದ್ದ ಕೆರೆಯ ನೀರಿನಲ್ಲೂ ಕಂಡ. ಅಂದ್ರೆ ರೋಗ ತರೋದು ನೀರಿಗೆ ಬಿದ್ದ ಮಲ. ಮನುಷ್ಯನ ಜಾತಿ ಅಲ್ಲ.

ಇದಾಗಿ 43 ವರ್ಷದ ಮೇಲೆ, 1927ರ ಮಾರ್ಚ್ 20ರಂದು, ನಮ್ಮ ಬೆಳಗಾವಿ ವಿಜಾಪುರಗಳೂ ಸೇರಿದ್ದ ಮುಂಬೈ ಪ್ರಾಂತ್ಯದಲ್ಲೇ, ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಯ ನೀರು ಕುಡಿದರು. ಆ ಕೆರೆ ಎಲ್ಲರಿಗೂ ಮುಕ್ತ ಅಂತ ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಆದ್ರೂ ಸವರ್ಣೀಯರು 108 ಕೊಡ ನೀರು ತೆಗೆದು, ಸಗಣಿ, ಗೋಮೂತ್ರ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಕೆರೆಯನ್ನ 'ಶುದ್ಧ' ಮಾಡಿದರು. ಸಗಣಿ ಅಂದ್ರ ಆಕಳ ಕರುಳಿನಿಂದ ಬಂದದ್ದು, ಅದರಾಗ ಇ-ಕೋಲೈ ಇರತದ. ಕುಡಿಯೋ ನೀರಿನ ಈಗಿನ ಮಾನದಂಡದ ಪ್ರಕಾರ 100 ಮಿಲಿಯಲ್ಲಿ ಅದು ಒಂದೂ ಇರಬಾರದು. ಕೆರೆಯನ್ನ ನಿಜವಾಗಿ ಹೊಲಸು ಮಾಡಿದವರು ಯಾರು, ನೀವೇ ಹೇಳ್ರಿ! ಹೈಕೋರ್ಟ್ ತೀರ್ಪು ನಮ್ಮ ಪರ ಬರೋವಷ್ಟರಲ್ಲಿ 1937 ಆಗಿತ್ತು.

ಹಳೇ ಕತಿ ಅಂತೀರಾ? 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ ದಲಿತ ಮಹಿಳೆ ತೊಂಬೆಯ ನೀರು ಕುಡಿದಳು ಅಂತ ಇದ್ದ ನೀರೆಲ್ಲ ಖಾಲಿ ಮಾಡಿ ಗೋಮೂತ್ರದಿಂದ ತೊಳೆದರು. ಮುಂದಿನ ವರ್ಷ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಕಲುಷಿತ ನೀರು ಕುಡಿದು ಕನಿಷ್ಠ ಐವರು ಸತ್ತರು. ಮೊದಲು ವಿಷ ಬೆರೆಸಿದ ಸಂಶಯ ಇತ್ತು, ಆಮೇಲೆ ಕಾಲರಾ ರೋಗಾಣು ಸಿಕ್ಕಿತೆಂದು ವರದಿಯಾಯಿತು. ಮುಟ್ಟಿದ ನೀರು ತೊಳೆಯೋಕೆ ಒಂದೇ ದಿನದಾಗ ಜನ ಕೂಡತಾರ. ನಮ್ಮ ಕೇರಿಗೆ ಬರೋ ನೀರಿಗೆ?

ಒಂದು ಬಾಟ್ಲಿ ಬಗ್ಗೆ ಹೇಳಲೇಬೇಕು. 1982ರಲ್ಲಿ ಮಂಜ, ಮೌರ್ಯ, ರಾವ್ ಅನ್ನೋ ನಮ್ಮ ದೇಶದ ವಿಜ್ಞಾನಿಗಳು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಎಚ್‌ಟುಎಸ್ ಪರೀಕ್ಷೆ ಅದು. ಔಷಧ ಹಚ್ಚಿದ ಕಾಗದದ ಪಟ್ಟಿ ಇರೋ ಬಾಟ್ಲಿಗೆ ಗುರುತಿನ ತನಕ ನೀರು ಹಾಕಿ ಬೆಚ್ಚಗಿನ ಜಾಗದಾಗ ಇಡೋದು. ಒಂದೆರಡು ದಿನದಾಗ ಕಪ್ಪಾದ್ರ ಮಲ ಸೇರಿರೋ ಶಂಕೆ, ಲ್ಯಾಬಿಗೆ ಕಳಿಸಬೇಕು. ಕರೆಂಟ್ ಬೇಡ, ಡಿಗ್ರಿ ಬೇಡ.

ನಳದ ನೀರಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನ ಟಾಕಿ ಹತ್ರ ಅಳೆದು ಬರಕೊಂಡು ಹೋಗೋದಲ್ಲ, ಗಟಾರ ದಾಟಿ ಬರೋ ಪೈಪಿನ ತುದೀಲಿ, ಕೇರಿಯ ಕೊನೇ ನಳದಾಗ ಅಳೀಬೇಕು. ಜಲಜೀವನ್ ಮಿಷನ್ ಪ್ರಕಾರ ಪ್ರತಿ ಊರಲ್ಲಿ ಐದು ಮಂದಿ ಹೆಣ್ಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸಬೇಕು. ನಿಮ್ಮೂರಿನ ಆ ಐವರ ಹೆಸರು ಪಂಚಾಯಿತಿಯಾಗ ಕೇಳಿ ತಗೊಳ್ರಿ. ಅದರಾಗ ಕೇರಿಯವರು ಎಷ್ಟು ಮಂದಿ ಅದಾರ, ಕೆಳಗ ಕಮೆಂಟಿನಾಗ ಬರೀರಿ.